ಸಣ್ಣ ಇಂಧನ ಕಂಪನಿಗಳ ಷೇರುಗಳಲ್ಲಿ ಬೃಹತ್ ವಹಿವಾಟು

ಬೃಹತ್ ವಹಿವಾಟು ಎಂಬುದು ಒಂದೇ ಕಂಪನಿಯ ಷೇರುಗಳು ದೊಡ್ಡ ಪ್ರಮಾಣದಲ್ಲಿ ಕೈ ಬದಲಾಗುವ ವ್ಯವಹಾರ. ಭಾರತದಲ್ಲಿ ಇದಕ್ಕೆ ಎರಡು ರೂಪಗಳಿದ್ದು, ಸುದ್ದಿಗಳಲ್ಲಿ ಅವು ಆಗಾಗ್ಗೆ ಕಲಸಿಹೋಗುತ್ತವೆ. ಬ್ಲಾಕ್ ಡೀಲ್ ನಡೆಯುವುದು ಷೇರು ವಿನಿಮಯ ಕೇಂದ್ರದ ಪ್ರತ್ಯೇಕ ವ್ಯವಸ್ಥೆಯಲ್ಲಿ. 10 ಕೋಟಿ ರೂಪಾಯಿಯಿದ್ದ ಅದರ ಕನಿಷ್ಠ ಮೊತ್ತವನ್ನು ಸೆಬಿ 2025ರ ಸುತ್ತೋಲೆಯಲ್ಲಿ 25 ಕೋಟಿಗೆ ಏರಿಸಿತು. ಬಲ್ಕ್ ಡೀಲ್ ಸಾಮಾನ್ಯ ಪೇಟೆಯಲ್ಲೇ ನಡೆಯುತ್ತದೆ. ಕಂಪನಿಯ ಒಟ್ಟು ಷೇರುಗಳಲ್ಲಿ ಶೇ 0.5ಕ್ಕಿಂತ ಹೆಚ್ಚನ್ನು ಗ್ರಾಹಕನೊಬ್ಬನು ಒಂದೇ ದಿನ ಕೊಂಡರೆ ಅಥವಾ ಮಾರಿದರೆ ಅವನ ಹೆಸರು, ಷೇರುಗಳ ಸಂಖ್ಯೆ ಮತ್ತು ಬೆಲೆ ಅಂದೇ ಪ್ರಕಟವಾಗುತ್ತವೆ.

ಸಣ್ಣ ಕಂಪನಿಗಳ ವಿಷಯದಲ್ಲಿ ದಾರಿ ತಪ್ಪಿಸುವುದು ಈ ಮಿತಿಯೇ. 2 ಕೋಟಿ ಷೇರುಗಳುಳ್ಳ ಸೌರವಿದ್ಯುತ್ ಕಂಪನಿಯೊಂದರ ಷೇರಿನ ಬೆಲೆ 40 ರೂಪಾಯಿ ಎಂದಿಟ್ಟುಕೊಳ್ಳೋಣ. ಖರೀದಿಯು 1 ಲಕ್ಷ ಷೇರು, ಅಂದರೆ 40 ಲಕ್ಷ ರೂಪಾಯಿ ದಾಟಿದೊಡನೆ ಪಟ್ಟಿಗೆ ಸೇರುತ್ತದೆ. ‘ದೊಡ್ಡ ಹೂಡಿಕೆದಾರರ ಪ್ರವೇಶ’ ಎಂಬ ತಲೆಬರಹಕ್ಕೆ ಇಷ್ಟು ಸಾಲದು.

ಒಂದೇ ಹೆಸರು ಕೊಂಡವರಲ್ಲೂ ಮಾರಿದವರಲ್ಲೂ ಹೆಚ್ಚುಕಡಿಮೆ ಸಮಪ್ರಮಾಣದಲ್ಲಿ ಕಂಡರೆ ಅದು ದಿನದೊಳಗಿನ ವ್ಯಾಪಾರ. ಷೇರುಗಳ ಒಡೆತನ ಬದಲಾಗಿರುವುದಿಲ್ಲ. ಪವನ ಮತ್ತು ಸೌರ ಘಟಕಗಳಿಗೆ ಆರಂಭದಲ್ಲೇ ಭಾರಿ ಬಂಡವಾಳ ಬೇಕಾಗುವುದರಿಂದ ಷೇರುಗಳ ಅಡಮಾನಕ್ಕೂ ಆದ್ಯತಾ ಹಂಚಿಕೆಗೂ ಇಲ್ಲಿ ಆಸ್ಪದ ಹೆಚ್ಚು. ಹಂಚಿಕೆಯ ಲಾಕ್-ಇನ್ ಅವಧಿ ಮುಗಿದ ಬಳಿಕ ಬರುವ ಮಾರಾಟ ಕಂಪನಿಯ ಸ್ಥಿತಿಯನ್ನು ಅಷ್ಟಾಗಿ ಸೂಚಿಸದು. ಸಾಲ ಕೊಟ್ಟವರು ಪ್ರವರ್ತಕರ ಅಡವಿನ ಷೇರುಗಳನ್ನು ಮಾರಿದ್ದರೆ ಸಂಗತಿ ಗಂಭೀರವೇ ಸರಿ.

ಮಾರಿದವರ ಹೆಸರಿದ್ದು ಕೊಂಡವರದು ಇಲ್ಲದಿದ್ದರೆ ಷೇರುಗಳು ಮಿತಿಯೊಳಗಿನ ಹಲವು ಖರೀದಿದಾರರಲ್ಲಿ ಹಂಚಿಹೋಗಿವೆ ಎಂದರ್ಥ. ಭರ್ಜರಿ ಪ್ರಚಾರದ ಬೆನ್ನಲ್ಲೇ ಹೀಗಾದಾಗ ಅನುಮಾನಕ್ಕೆ ಕಾರಣವಿದೆ. ಪ್ರತಿ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಕಂಪನಿ ಸಲ್ಲಿಸುವ ಷೇರುದಾರರ ವಿವರದೊಡನೆ ಹೋಲಿಸಿದರೆ, ಕೊಂಡವರು ಉಳಿದಿದ್ದಾರೆಯೇ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.