ಲೆಕ್ಕ ಒಂದೇ, ಉತ್ತರ ಎರಡು: ಗಣಿತ ಚಿಹ್ನೆಗಳ ಗೊಂದಲ

ರೂಪನಗುಡಿ: ಬಳ್ಳಾರಿ ತಾಲ್ಲೂಕಿನ ರೂಪನಗುಡಿಯ ರೈತರೊಬ್ಬರಿಗೆ ವ್ಯಾಪಾರಿಯಿಂದ 5,000 ರೂಪಾಯಿ ಹಳೆಯ ಬಾಕಿ ಬರಬೇಕಿದೆ, ಈಗ ಚೀಲಕ್ಕೆ 1,800 ರೂಪಾಯಿಯಂತೆ 40 ಚೀಲ ಭತ್ತ ಮಾರಿದ್ದಾರೆ ಎಂದಿಟ್ಟುಕೊಳ್ಳೋಣ. ಮೊಬೈಲ್‌ನಲ್ಲಿ 5000 + 40 × 1800 ಎಂದು ಒತ್ತಿದರೆ 77,000 ಬರುತ್ತದೆ. ಅಂಗಡಿಯ ಸಾದಾ ಕ್ಯಾಲ್ಕುಲೇಟರ್‌ನಲ್ಲಿ ಅವೇ ಗುಂಡಿಗಳನ್ನು ಅದೇ ಕ್ರಮದಲ್ಲಿ ಒತ್ತಿದರೆ ಬರುವುದು 90,72,000!

ಯಂತ್ರ ಕೆಟ್ಟಿಲ್ಲ. ಸಾದಾ ಕ್ಯಾಲ್ಕುಲೇಟರ್ ಒತ್ತಿದ ಗುಂಡಿಯ ಕೆಲಸವನ್ನು ಒಡನೆಯೇ ಮುಗಿಸುತ್ತ ಹೋಗುತ್ತದೆ. ಹೀಗಾಗಿ 5,000ಕ್ಕೆ 40 ಕೂಡಿದ ಮೇಲೆ ಗುಣಿಸುತ್ತದೆ. ಮೊಬೈಲ್ ಇಡೀ ಸಾಲನ್ನು ನೋಡಿ, ಶಾಲೆಯ ನಿಯಮದಂತೆ ಗುಣಾಕಾರವನ್ನು ಮೊದಲು ಮಾಡುತ್ತದೆ. ಹಾಗೆಂದು ಮೊಬೈಲನ್ನೇ ನಂಬುವಂತೆಯೂ ಇಲ್ಲ. 74 ಮತ್ತು 76 ಕೆ.ಜಿ. ತೂಗುವ ಎರಡು ಚೀಲಗಳ ಸರಾಸರಿಗೆ 74 + 76 ÷ 2 ಎಂದು ಒತ್ತಿದರೆ ಸಾದಾ ಯಂತ್ರ 75 ತೋರಿಸುತ್ತದೆ, ಮೊಬೈಲ್ 112 ಎನ್ನುತ್ತದೆ.

ಈ ಗೊಂದಲ ತಪ್ಪಿಸಲೆಂದೇ ಮಕ್ಕಳಿಗೆ 'ಬೋಡ್‌ಮಾಸ್' ಸೂತ್ರ ಕಲಿಸಲಾಗುತ್ತದೆ: ಆವರಣ, 'ರ' ಪ್ರತ್ಯಯ ಸೂಚಿಸುವ ಭಾಗ, ಭಾಗಾಕಾರ, ಗುಣಾಕಾರ, ಸಂಕಲನ, ವ್ಯವಕಲನ. ಸೂತ್ರವನ್ನು ಬಾಯಿಪಾಠ ಮಾಡಿದವರೂ ಎಡವುತ್ತಾರೆ. ಭಾಗಾಕಾರ, ಗುಣಾಕಾರಗಳಿಗೆ ವಾಸ್ತವವಾಗಿ ಸಮಾನ ಸ್ಥಾನ. ಎಡದಿಂದ ಬಲಕ್ಕೆ ಸಾಗಬೇಕು. ಸಂಕಲನ, ವ್ಯವಕಲನಗಳಿಗೂ ಇದೇ ಮಾತು ಅನ್ವಯ. 10 − 4 + 3ರಲ್ಲಿ ಸಂಕಲನವನ್ನೇ ಮೊದಲು ಮಾಡಿದ ವಿದ್ಯಾರ್ಥಿ 9ರ ಬದಲು 3 ಬರೆದು ಅಂಕ ಕಳೆದುಕೊಳ್ಳುತ್ತಾನೆ.

'ರ' ಪ್ರತ್ಯಯದ್ದು ಇನ್ನೂ ಸ್ವಾರಸ್ಯ. 12ನ್ನು '6ರ ಅರ್ಧ'ದಿಂದ ಭಾಗಿಸಿದರೆ ಉತ್ತರ 4. ಆ 'ರ'ದ ಜಾಗದಲ್ಲಿ ಗುಣಾಕಾರದ ಚಿಹ್ನೆಯಿಟ್ಟು 12 ÷ ½ × 6 ಎಂದು ಬರೆದರೆ 144. ಭಾರತದ ಶಾಲೆಗಳಲ್ಲಿ ಈ ಭೇದಕ್ಕೆ ಪ್ರತ್ಯೇಕ ಸ್ಥಾನವಿದೆ. ಬೇರೆ ಹಲವೆಡೆ ಅದೇ ಅಕ್ಷರ ಘಾತವನ್ನು ಸೂಚಿಸುತ್ತದೆ.

2019ರಲ್ಲಿ 8 ÷ 2(2 + 2) ಎಂಬ ಲೆಕ್ಕ ಅಂತರ್ಜಾಲದಲ್ಲಿ ದೊಡ್ಡ ಜಗಳವನ್ನೇ ಎಬ್ಬಿಸಿತು. ಕೆಲವರು 16 ಎಂದರು, ಕೆಲವರು 1 ಎಂದರು. ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞ ಸ್ಟೀವನ್ ಸ್ಟ್ರೋಗಟ್ಸ್ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಈ ಬಗ್ಗೆ ಬರೆಯಬೇಕಾಯಿತು. ಚಿಹ್ನೆಯಿಲ್ಲದೆ ಆವರಣಕ್ಕೆ ಅಂಟಿಕೊಂಡ ಗುಣಾಕಾರ ಹೆಚ್ಚು ಬಿಗಿಯೇ ಎಂಬುದು ಪ್ರಶ್ನೆ. ಒಂದೇ ಕಂಪನಿಯ ಯಂತ್ರಗಳಲ್ಲೂ ಇದಕ್ಕೆ ಏಕಾಭಿಪ್ರಾಯವಿಲ್ಲ: ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-82 ಅದಕ್ಕೆ ಮೊದಲ ಮಣೆ ಹಾಕಿದರೆ, ಟಿಐ-83 ಹಾಕುವುದಿಲ್ಲ. ತಪ್ಪು ಉತ್ತರದ್ದಲ್ಲ, ಹಾಗೆ ಬರೆದವರದು ಎನ್ನುವುದೇ ಹೆಚ್ಚು ನ್ಯಾಯ. ಭಾಗಾಕಾರದ ಈ ÷ ಚಿಹ್ನೆ 1659ರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನ್ ರಾನ್ ಅವರ ಪುಸ್ತಕದಲ್ಲಿ ಅಚ್ಚಾಯಿತು. ಅದನ್ನು ಬಳಸಬಾರದೆಂದು ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 80000-2 ಹೇಳುತ್ತದೆ. ಓರೆಗೆರೆಯ ನಂತರ ಅದೇ ಸಾಲಿನಲ್ಲಿ ಗುಣಾಕಾರವೋ ಭಾಗಾಕಾರವೋ ಬಂದರೆ ಆವರಣ ಹಾಕಬೇಕೆಂದೂ ಸೂಚಿಸುತ್ತದೆ.

ಚಿಹ್ನೆಗಳಿಲ್ಲದ ಕಾಲದಲ್ಲಿ ಕನ್ನಡ ನಾಡಿನಲ್ಲಿ ಈ ತಕರಾರಿಗೆ ಎಡೆಯೇ ಇರಲಿಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ರಚಿಸಿದ. 12ನೇ ಶತಮಾನದ ರಾಜಾದಿತ್ಯ 'ವ್ಯವಹಾರ ಗಣಿತ'ವನ್ನು ಕನ್ನಡದಲ್ಲೇ ಬರೆದ. ಅಂದಿನ ಗಣಿತ ಗ್ರಂಥಗಳಲ್ಲಿ ನಿಯಮಗಳೆಲ್ಲ ಮಾತಿನಲ್ಲಿವೆ. ತ್ರೈರಾಶಿಯನ್ನೇ ನೋಡಿ: ಫಲವನ್ನು ಇಚ್ಛೆಯಿಂದ ಗುಣಿಸಿ, ಬಂದುದನ್ನು ಪ್ರಮಾಣದಿಂದ ಭಾಗಿಸಬೇಕು. ಯಾವುದು ಮೊದಲು, ಯಾವುದು ನಂತರ ಎಂಬುದು ವಾಕ್ಯದಲ್ಲೇ ಅಡಗಿದೆ. ಲೆಕ್ಕ ಉದ್ದವಾಗುತ್ತಿತ್ತು, ನಿಜ.

ಇಂದು ಲೆಕ್ಕ ಕಂಪ್ಯೂಟರ್‌ಗೆ ಸೇರಿದೆ; ಜಗಳ ಅಲ್ಲಿಗೂ ಹೋಗಿದೆ. ಎಕ್ಸೆಲ್ ಹಾಳೆಯಲ್ಲಿ −3^2 ಎಂದು ಸೂತ್ರ ಬರೆದರೆ ಉತ್ತರ 9. ಪೈಥಾನ್ ಭಾಷೆಯಲ್ಲಿ ಅದೇ ಲೆಕ್ಕಕ್ಕೆ, ಪಠ್ಯಪುಸ್ತಕದಲ್ಲಿರುವಂತೆ, −9 ಬರುತ್ತದೆ. ಎಕ್ಸೆಲ್‌ನಲ್ಲಿ −9 ಬೇಕಿದ್ದವರು −(3^2) ಎಂದು ಆವರಣ ಹಾಕಬೇಕು.