ನೀರಿದ್ದೂ ಒಣಗುವ ಕಣ್ಣು

ಕಣ್ಣೀರಿನ ವಿಷಯದಲ್ಲಿ ಕನ್ನಡಕ್ಕೆ ಬಡತನವಿಲ್ಲ. ಕಣ್ಣೀರು, ಕಂಬನಿ, ಅಶ್ರು, ಬಾಷ್ಪ ಎಂದು ಹೆಸರುಗಳು ಹಲವು. ಇವುಗಳಲ್ಲಿ ‘ಕಂಬನಿ’ ಎಂಬ ಮಾತು ನನಗೆ ಬಹಳ ಮೆಚ್ಚು. ‘ಕಣ್’ ಮತ್ತು ‘ಪನಿ’ ಕೂಡಿ ಆದ ಪದವದು. ಕಣ್ಣಿನ ಹನಿ ಎಂದಷ್ಟೇ ಅದರ ಅರ್ಥ. ದುಃಖವೆಂಬ ಭಾವ ಆ ಪದದ ಒಡಲಿನಲ್ಲಿಲ್ಲ. ಅದನ್ನು ತುಂಬಿದವರು ನಮ್ಮ ಕವಿಗಳು. ಶೋಕಕ್ಕೂ ಆನಂದಕ್ಕೂ ಉಕ್ಕುವ ಕಂಬನಿಯನ್ನು ಅವರು ಮನದಣಿಯೆ ವರ್ಣಿಸಿದ್ದಾರೆ. ಆದರೆ ಹಗಲೆಲ್ಲ ಕಣ್ಣಿನ ಮೇಲೆ ತೆಳ್ಳಗೆ ಹರಡಿಕೊಂಡಿದ್ದು, ಕೆನ್ನೆಗಿಳಿಯದೆ, ಯಾರ ಗಮನಕ್ಕೂ ಬಾರದೆ ದುಡಿಯುವ ಕಂಬನಿ ಇನ್ನೊಂದುಂಟು. ಅದು ಕೆಟ್ಟಾಗಲೇ ನಮಗೆ ಅದರ ಇರವು ತಿಳಿಯುವುದು. ಈ ಕೇಡನ್ನು ವೈದ್ಯರು ಕಣ್ಣಿನ ಶುಷ್ಕತೆ ಎನ್ನುತ್ತಾರೆ. ನಾವು ಒಣಗಣ್ಣು ಎಂದು ಕರೆಯೋಣ.

ಇದು ಹೊಸ ಬೇನೆಯೇನಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರವು ಎಪ್ಪತ್ತಾರು ನೇತ್ರರೋಗಗಳನ್ನು ಎಣಿಸುವಾಗ ‘ಶುಷ್ಕಾಕ್ಷಿಪಾಕ’ ಎಂಬುದೊಂದನ್ನು ಹೇಳುತ್ತದೆ. ರೆಪ್ಪೆ ಒರಟಾಗುವುದು, ಕಣ್ಣು ತೆರೆಯಲು ಕಷ್ಟವಾಗುವುದು, ನೋಟ ಮಸುಕಾಗುವುದು ಅದರ ಲಕ್ಷಣಗಳು. ಇಂದು ನನ್ನ ಸಹೋದ್ಯೋಗಿಗಳು ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಕುಳಿತು ಹೇಳಿಕೊಳ್ಳುವುದೂ ಇದೇ ಮಾತು. ವಿದ್ಯಾರ್ಥಿಗಳಲ್ಲಿಯೂ ಈ ದೂರು ಹೆಚ್ಚುತ್ತಿರುವಂತೆ ನನಗೆ ತೋರುತ್ತದೆ. ಕಣ್ಣಲ್ಲಿ ಉಸುಕು ಬಿದ್ದಂತೆ ಚುಚ್ಚುವುದು, ಸಂಜೆಗೆ ಉರಿ, ಕೆಂಪು, ಓದುತ್ತಿದ್ದಂತೆ ಅಕ್ಷರಗಳು ಕಲೆಸಿಹೋಗಿ, ರೆಪ್ಪೆ ಬಡಿದೊಡನೆ ಮತ್ತೆ ತಿಳಿಯಾಗುವುದು, ಇವೆಲ್ಲ ಒಣಗಣ್ಣಿನ ಗುರುತುಗಳು. ಕನ್ನಡಕ ಬದಲಿಸಿದರೂ ಇದು ಹೋಗದು. ಓದೇ ವೃತ್ತಿಯಾದವರಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ. ಪುಸ್ತಕವನ್ನು ಕೈಗೆತ್ತಿಕೊಳ್ಳುವ ಮನಸ್ಸೇ ಕ್ರಮೇಣ ಹಿಂಜರಿಯತೊಡಗುತ್ತದೆ.

ಗೋಕಾಕ ತಾಲೂಕಿನ ಧುಪದಾಳದಲ್ಲಿ ನಮ್ಮ ಬಂಧುಗಳೊಬ್ಬರಿದ್ದಾರೆ. ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದು ನಿವೃತ್ತರಾದವರು. ಸಂಜೆಯಾದರೆ ನಾಲ್ಕು ಜನರನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಪುರಾಣವನ್ನೋ ಪತ್ರಿಕೆಯನ್ನೋ ಓದಿ ಹೇಳುವುದು ಅವರ ರೂಢಿ. ಆ ಓದು ನಿಂತಿತೆಂದು ಕೇಳಿ, ನಾನು ಹೋದಾಗ ವಿಚಾರಿಸಿದೆ. ಕಣ್ಣಿನಿಂದ ಸದಾ ನೀರು ಸುರಿಯುತ್ತಿತ್ತು. ಡಾಕ್ಟರು ಕಣ್ಣು ಒಣಗಿದೆ ಎಂದದ್ದು ಅವರಿಗೆ ಹಾಸ್ಯವಾಗಿ ಕಂಡಿತ್ತು. “ತಮ್ಮಾ, ದಿನಾ ಎರಡು ದಸ್ತಿ ತೊಯ್ತಾವ. ಇಂಥಾ ಕಣ್ಣಿಗೆ ಒಣಗ್ಯಾವ ಅಂತಾರಲ್ಲ, ಇದೇನು ಮಾತೋ?” ಎಂದರು. ನಾನು ಅವರ ಊರಿನ ಕಾಲುವೆಯನ್ನೇ ನೆನಪಿಗೆ ತಂದೆ: “ಕಾಕಾ, ಕಾಲಿವಿ ಒಡದಾಗ ಹೊಲಕ್ಕ ನೀರು ನುಗ್ಗತೈತಿ. ಅದರಿಂದ ಬೆಳಿ ಬರತೈತೇನ್ರಿ?” ಅವರು ನಕ್ಕರು. ಆದರೆ ಮಾತು ತಾಗಿತ್ತು.

ಧುಪದಾಳದವರಿಗೆ ಈ ಹೋಲಿಕೆ ಬೇಗ ತಿಳಿಯುತ್ತದೆ. ಘಟಪ್ರಭೆ ಗೋಕಾಕದಲ್ಲಿ 52 ಮೀಟರು ಎತ್ತರದಿಂದ ಧುಮುಕುವ ಮೊದಲು ಅದನ್ನು ಇವರ ಊರಿನಲ್ಲಿ ತಡೆದು ಎಡದಂಡೆಯ ಕಾಲುವೆಗೆ ತಿರುಗಿಸಲಾಗಿದೆ. ಆ ಒಡ್ಡು 1897ರಷ್ಟು ಹಳೆಯದು. ಹಿನ್ನೀರಿನಲ್ಲಿ ಹಕ್ಕಿಗಳು ಇಳಿಯುತ್ತವೆ. 1974ರಲ್ಲಿ ಅದು ಪಕ್ಷಿಧಾಮವೂ ಆಯಿತು. ಇಷ್ಟು ನೀರಿನ ಮಗ್ಗುಲಲ್ಲಿ ಬಾಳುವ ರೈತನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಒಡ್ಡಿನ ಹಿಂದೆ ನೀರು ನಿಂತರಷ್ಟೇ ಸಾಲದು. ಹದವರಿತು ಬಿಡಬೇಕು, ಕಾಲುವೆಯ ಹೂಳು ತೆಗೆಯಬೇಕು, ಹೊಲದ ತುಂಬ ಸಮನಾಗಿ ಹಾಯಿಸಬೇಕು, ಹೆಚ್ಚಾದುದು ಬಸಿದು ಹೋಗಬೇಕು. ಕಣ್ಣಿನ ವ್ಯವಸ್ಥೆಯೂ ಹೀಗೆಯೇ.

ಕಣ್ಣನ್ನು ಹೊದೆದಿರುವ ಆ ತೆಳುಪದರ ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟು ದಪ್ಪ. ತಲೆಗೂದಲೂ ಅದರ ಮುಂದೆ ದಪ್ಪವೇ ಸರಿ. ಅದು ಬರಿಯ ನೀರೂ ಅಲ್ಲ. ಕಣ್ಣಿಗೆ ಅಂಟಿಕೊಂಡಂತೆ ಲೋಳೆಯ ಅಂಶ, ಅದರೊಡನೆ ಬೆರೆತು ಮೇಲಿನ ಗ್ರಂಥಿಯಿಂದ ಬರುವ ನೀರು, ಎಲ್ಲಕ್ಕೂ ಮೇಲೆ ಎಣ್ಣೆಯ ತೆಳುಪೊರೆ. ಲೋಳೆಯು ನೀರನ್ನು ಜಾರದಂತೆ ಹಿಡಿಯುತ್ತದೆ. ಎಣ್ಣೆಯು ಅದನ್ನು ಆರದಂತೆ ಕಾಯುತ್ತದೆ. ಈ ಎಣ್ಣೆಯನ್ನು ಒಸರುವವು ರೆಪ್ಪೆಯ ಅಂಚಿನಲ್ಲಿ ಸಾಲಾಗಿ ನಿಂತ ಸಣ್ಣ ಗ್ರಂಥಿಗಳು. 1666ರಲ್ಲಿ ಅವುಗಳನ್ನು ವಿವರಿಸಿ ಬರೆದ ಜರ್ಮನಿಯ ವೈದ್ಯ ಹೈನ್ರಿಖ್ ಮೈಬೋಮನ ಹೆಸರೇ ಅವಕ್ಕೆ ನಿಂತಿದೆ. ಒಣಗಣ್ಣಿನವರಲ್ಲಿ ನೀರಿನ ಕೊರತೆಯುಳ್ಳವರಿಗಿಂತ ಎಣ್ಣೆಯ ಬಾಯಿ ಕಟ್ಟಿ, ಇದ್ದ ನೀರು ಬೇಗ ಆರಿಹೋಗುವವರೇ ಹೆಚ್ಚು. ಪದರ ಹರಿದಲ್ಲಿ ಕಣ್ಣು ಉರಿಯುತ್ತದೆ. ಆ ಉರಿಗೆ ಬೆದರಿ ಮೇಲಿನ ಗ್ರಂಥಿಯು ಒಮ್ಮೆಲೇ ನೀರನ್ನು ಸುರಿಸುತ್ತದೆ. ಅದು ಕೆನ್ನೆಗಿಳಿದು ಹೋಗುವುದೇ ಹೊರತು ಹದವಾಗಿ ಹರಡಿ ನಿಲ್ಲುವುದಿಲ್ಲ. ಮಾಸ್ತರರ ಎರಡು ದಸ್ತಿಗಳ ರಹಸ್ಯ ಇಷ್ಟೇ.

ಈ ಪದರವನ್ನು ಮತ್ತೆ ಮತ್ತೆ ಸವರುವ ಕೆಲಸ ರೆಪ್ಪೆಯದು. ಸಹಜವಾಗಿ ನಾವು ನಿಮಿಷಕ್ಕೆ ಸುಮಾರು 15 ಸಲ ಎವೆಯಿಕ್ಕುತ್ತೇವೆ. ಪುಸ್ತಕದಲ್ಲಿಯೋ ಕಂಪ್ಯೂಟರು, ಮೊಬೈಲುಗಳ ಪರದೆಯಲ್ಲಿಯೋ ನೋಟ ನೆಟ್ಟಾಗ ಇದು ಅರ್ಧಕ್ಕೂ ಕೆಳಗಿಳಿಯುವುದುಂಟು. ಇಕ್ಕಿದ ಎವೆಯೂ ಪೂರ್ತಿ ಮುಚ್ಚುವುದಿಲ್ಲ. ‘ನಿಮಿಷ’ ಎಂಬ ಮಾತಿನ ಮೂಲಾರ್ಥವೇ ಎವೆಯಿಕ್ಕುವುದು ಎಂದು ಇಲ್ಲಿ ನೆನೆಯಬೇಕು. ಎವೆಯಿಕ್ಕದವರು ಅನಿಮಿಷರು, ಅಂದರೆ ದೇವತೆಗಳು. ದಮಯಂತಿಯ ಸ್ವಯಂವರಕ್ಕೆ ನಾಲ್ವರು ದೇವತೆಗಳು ನಳನ ರೂಪವನ್ನೇ ತಾಳಿ ಬಂದಾಗ, ಬೆವರದ ಮೈ, ಬಾಡದ ಮಾಲೆ, ನೆಲ ಮುಟ್ಟದ ಕಾಲುಗಳೊಡನೆ ಎವೆಯಿಕ್ಕದ ಕಣ್ಣೂ ಅವರ ಗುಟ್ಟನ್ನು ಬಿಟ್ಟುಕೊಟ್ಟಿತು. ಎವೆಯಿಕ್ಕಿದ ಮನುಷ್ಯನನ್ನೇ ಆಕೆ ವರಿಸಿದಳು. ಇಂದು ಪರದೆಯ ಮುಂದೆ ಗಂಟೆಗಟ್ಟಲೆ ಕುಳಿತ ನಮ್ಮ ಹುಡುಗರು ಅನಿಮಿಷರಾಗಲು ಹೊರಟಿದ್ದಾರೆ. ದೇವತ್ವ ಬಾರದೆ ಉರಿಗಣ್ಣು ಮಾತ್ರ ಬರುತ್ತಿದೆ.

ಉಳಿದ ಕಾರಣಗಳೂ ಹಲವು. ವಯಸ್ಸು ಏರಿದಂತೆ, ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ, ಇದು ಹೆಚ್ಚು. ಬೇಸಿಗೆಯ ಒಣಗಾಳಿ, ಮುಖಕ್ಕೇ ಬೀಸುವ ಪಂಖ, ಒಲೆಯ ಹೊಗೆ, ಕಬ್ಬಿನ ರವದಿ ಸುಡುವ ಹೊಗೆ, ತಂಬಾಕಿನ ಹೊಗೆ, ಇವೆಲ್ಲ ಕಣ್ಣನ್ನು ಒಣಗಿಸುತ್ತವೆ. ನೆಗಡಿ, ಅಲರ್ಜಿಗಳಿಗೆ ನುಂಗುವ ಕೆಲವು ಗುಳಿಗೆಗಳು, ಮನೋವ್ಯಾಧಿಯ ಕೆಲವು ಔಷಧಗಳೂ ಹಾಗೆಯೇ. ಸಕ್ಕರೆ ಕಾಯಿಲೆ, ಸಂಧಿವಾತಗಳ ಜೊತೆಯಲ್ಲಿಯೂ ಒಣಗಣ್ಣು ಬರುವುದುಂಟು. ಕಣ್ಣಿನೊಡನೆ ಬಾಯಿಯೂ ಒಣಗಿ ಕೀಲುಗಳು ನೋಯುತ್ತಿದ್ದರೆ ಅದನ್ನು ಕಡೆಗಣಿಸಬಾರದು. 1933ರಲ್ಲಿ ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ ತನ್ನ ಪ್ರಬಂಧದಲ್ಲಿ ವಿವರಿಸಿದ, ಇಡೀ ದೇಹಕ್ಕೆ ಸಂಬಂಧಿಸಿದ ಬೇನೆ ಅದಾಗಿರಬಹುದು. ಮಕ್ಕಳಲ್ಲಿ ಇರುಳುಗುರುಡಿನೊಡನೆ ಬರುವ ಒಣಗಣ್ಣು ಬೇರೆಯೇ ಬಗೆಯದು. ಅದು ‘ಎ’ ಜೀವಸತ್ವದ ಕೊರತೆಯಿಂದ ಬರುವಂಥದು, ದೃಷ್ಟಿಯನ್ನೇ ಕಳೆಯಬಲ್ಲದು. ನಮ್ಮ ದೇಶದಲ್ಲಿ 1970ರಿಂದ ಮಕ್ಕಳಿಗೆ ಈ ಜೀವಸತ್ವದ ಹನಿ ಕೊಡುವ ಕಾರ್ಯಕ್ರಮ ನಡೆದುಬಂದಿರುವುದು ಈ ಕಾರಣಕ್ಕೇ. ಅಂತಹ ಮಗುವನ್ನು ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಕಣ್ಣಿನ ಚಿಕಿತ್ಸೆಯೆಂದೊಡನೆ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವುದು ಡಾಕ್ಟರ್ ಮೋದಿಯವರ ಶಿಬಿರಗಳು. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಮುರುಗಪ್ಪ ಚನ್ನವೀರಪ್ಪ ಮೋದಿಯವರು ಊರೂರಿಗೆ ಹೋಗಿ, ಬಡವರ ಕಣ್ಣಿನ ಪೊರೆ ತೆಗೆದು ಬೆಳಕು ಕೊಟ್ಟ ಪುಣ್ಯಾತ್ಮರು. ಒಂದು ಶಸ್ತ್ರಕ್ರಿಯೆ, ಕೆಲವು ದಿನ ಪಟ್ಟಿ, ಬಳಿಕ ನೋಟ, ಎಂಬ ಆ ಪವಾಡದಂತಹ ದೃಶ್ಯ ನಮ್ಮ ಜನರ ಮನಸ್ಸಿನಲ್ಲಿ ಅಚ್ಚೊತ್ತಿದೆ. ಒಣಗಣ್ಣಿನವರು ಆಸ್ಪತ್ರೆಗೆ ಬರುವುದೂ ಇದೇ ನಿರೀಕ್ಷೆಯಿಂದ. ಒಂದು ಬಾಟಲಿ ಮುಗಿಯುವಷ್ಟರಲ್ಲಿ ಗುಣವಾಗದಿದ್ದರೆ ಡಾಕ್ಟರರನ್ನು ಬದಲಿಸುತ್ತಾರೆ, ಅಂಗಡಿಯಿಂದ ಬೇರೊಂದು ಹನಿ ತರುತ್ತಾರೆ. ಆದರೆ ಈ ಬೇನೆಯ ಜಾತಿಯೇ ಬೇರೆ. ಪೊರೆಯನ್ನು ತೆಗೆಯಬಹುದು, ಒಣಗಣ್ಣನ್ನು ಬಹುಮಟ್ಟಿಗೆ ನಿಭಾಯಿಸಬೇಕು. ಹಲ್ಲುಜ್ಜಿದಂತೆ, ಕಾಲುವೆಯ ಹೂಳು ತೆಗೆದಂತೆ, ಇದು ನಿತ್ಯದ ಕೆಲಸ. ನನ್ನ ಬರಹದ ತಿರುಳು ಈ ಒಂದು ಮಾತಿನಲ್ಲಿಯೇ ಇದೆ.

ಮೊದಲು ಪರೀಕ್ಷೆಯಾಗಬೇಕು. ಕಣ್ಣಿಗೆ ಬಣ್ಣದ ಹನಿ ಹಾಕಿ ದೀಪದಲ್ಲಿ ನೋಡುತ್ತ, ಎವೆಯಿಕ್ಕಿದ ಮೇಲೆ ಪದರ ಎಷ್ಟು ಹೊತ್ತಿಗೆ ಹರಿಯುತ್ತದೆಂದು ಎಣಿಸುತ್ತಾರೆ. 10 ಸೆಕೆಂಡಿಗೂ ಮೊದಲೇ ಹರಿದರೆ ಸಂಶಯಕ್ಕೆ ಎಡೆಯುಂಟು. ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿಯಿಟ್ಟು 5 ನಿಮಿಷದಲ್ಲಿ ಎಷ್ಟು ತೊಯ್ಯಿತೆಂದು ಅಳೆಯುವುದು ಇನ್ನೊಂದು ಕ್ರಮ. ಒಟ್ಟೊ ಶಿರ್ಮರ್ 1903ರಲ್ಲಿ ತಿಳಿಸಿದ ಈ ಸರಳ ಉಪಾಯ ಇಂದಿಗೂ ಬಳಕೆಯಲ್ಲಿದೆ. ಪಟ್ಟಿ 5 ಮಿಲಿಮೀಟರಿನಷ್ಟೂ ತೊಯ್ಯದಿದ್ದರೆ ನೀರಿನ ಕೊರತೆ ತೀವ್ರವೆಂದೇ ಅರ್ಥ.

ಚಿಕಿತ್ಸೆಯ ಮೊದಲ ಮೆಟ್ಟಿಲು ಮನೆಯಲ್ಲಿಯೇ ಇದೆ. ಶುಚಿಯಾದ ಬಟ್ಟೆಯನ್ನು ತಾಳುವಷ್ಟು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣುಗಳ ಮೇಲೆ 5ರಿಂದ 10 ನಿಮಿಷ ಇಡುವುದು. ಆರಿದಾಗ ಮತ್ತೆ ಬೆಚ್ಚಗೆ ಮಾಡಿಕೊಳ್ಳುವುದು. ಗಟ್ಟಿಯಾದ ಎಣ್ಣೆ ಕರಗುತ್ತದೆ. ಬಳಿಕ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಮೆಲ್ಲನೆ ತೀಡಿ, ಅಂಚನ್ನು ಒರೆಸಿಕೊಳ್ಳಬೇಕು. ಓದುವವರು 20 ನಿಮಿಷಕ್ಕೊಮ್ಮೆ ತಲೆಯೆತ್ತಿ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುತ್ತ ಪೂರ್ತಿ ಎವೆಯಿಕ್ಕುವುದು ಒಳ್ಳೆಯದು. ಪರದೆಯಾಗಲಿ ಪುಸ್ತಕವಾಗಲಿ ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ; ಕಣ್ಣು ಅರೆಮುಚ್ಚಿದ್ದಷ್ಟೂ ಆರುವ ನೀರು ಕಡಿಮೆ.

ಜೊತೆಗೆ ಕೃತಕ ಕಣ್ಣೀರಿನ ಹನಿಗಳುಂಟು. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾದವರು, ಕೆಡದಂತೆ ಬೆರೆಸುವ ರಾಸಾಯನಿಕವಿಲ್ಲದ ಹನಿಯನ್ನು ಕೇಳಿ ಪಡೆಯಬೇಕು. ಆ ರಾಸಾಯನಿಕವೇ ಪದೇ ಪದೇ ಬಿದ್ದು ಕಣ್ಣನ್ನು ಕೆರಳಿಸಬಲ್ಲದು. ಇದರಿಂದ ಸಾಗದಿದ್ದರೆ ವೈದ್ಯರು ಉರಿಯೂತ ತಗ್ಗಿಸುವ ಸೈಕ್ಲೊಸ್ಪೊರಿನ್ ಹನಿ ಕೊಡುತ್ತಾರೆ. ಅದರ ಗುಣ ಕಾಣಲು ವಾರಗಳು, ತಿಂಗಳುಗಳೇ ಬೇಕು. ನಡುವೆ ಬಿಡುವವರೇ ಬಹಳ. ನೀರೇ ಕಡಿಮೆಯಿದ್ದವರಿಗೆ ಕಣ್ಣಿನ ಮೂಗಿನ ಕಡೆಯ ಮೂಲೆಯಲ್ಲಿ ನೀರು ಬಸಿಯುವ ರಂಧ್ರಕ್ಕೆ ಸಣ್ಣ ಬಿರಡೆ ಇಡುವುದೂ ಉಂಟು. ಒಡ್ಡು ಹಾಕಿ ನೀರು ನಿಲ್ಲಿಸುವ ಈ ಯುಕ್ತಿಯನ್ನು ಧುಪದಾಳದವರಿಗೆ ವಿವರಿಸಬೇಕಾಗಿಲ್ಲ. ಮೀನೆಣ್ಣೆಯ ಗುಳಿಗೆಗಳನ್ನು ಹಲವರು ನಂಬುತ್ತಾರೆ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡದೊಂದು ಪರೀಕ್ಷೆಯಲ್ಲಿ ಅವು ಆಲಿವ್ ಎಣ್ಣೆಯ ಗುಳಿಗೆಗಳಿಗಿಂತ ಮೇಲೆಂದು ಕಂಡುಬರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿರಲಾರೆ. ನಮ್ಮ ಮಾಸ್ತರರು ಯಾರೋ ಹೇಳಿದರೆಂದು ಅಂಗಡಿಯಿಂದ ಹನಿಯೊಂದನ್ನು ತಂದು ತಿಂಗಳುಗಟ್ಟಲೆ ಹಾಕಿಕೊಂಡಿದ್ದರು. ಹಾಕಿದ ಗಳಿಗೆಯಲ್ಲಿ ಕೆಂಪು ಇಳಿದು ಹಾಯೆನಿಸುತ್ತಿತ್ತು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಅದು ಕೆಟ್ಟ ಔಷಧವಲ್ಲ. ವೈದ್ಯರ ಕಣ್ಗಾವಲಿನಲ್ಲಿ ಕೆಲವು ದಿನ ಬಳಸತಕ್ಕದ್ದು. ಸ್ವಂತ ಬುದ್ಧಿಯಿಂದ ಬಹುಕಾಲ ಬಳಸಿದರೆ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ಏರಿ, ಗ್ಲಾಕೋಮಾ ಉಂಟಾಗಿ, ನೋಟದ ನರ ಸದ್ದಿಲ್ಲದೆ ಸಾಯುತ್ತದೆ. ಹೋದ ಆ ನೋಟ ಮರಳಿ ಬಾರದು. ಮಾಸ್ತರರ ಕಣ್ಣಿನ ಒತ್ತಡ ಏರಿದ್ದುದು ಸಕಾಲದಲ್ಲಿ ತಿಳಿಯಿತು. ಆ ಹನಿಯನ್ನು ನಿಲ್ಲಿಸಿದರು. ಜೇನು, ಹರಳೆಣ್ಣೆ, ಸೊಪ್ಪಿನ ರಸಗಳನ್ನು ಕಣ್ಣಿಗೆ ಹಿಂಡುವವರೂ ತಡೆದು ಯೋಚಿಸಬೇಕು. ಶುದ್ಧವಲ್ಲದ ಯಾವುದೇ ಹನಿ ಕಣ್ಣಿಗೆ ಸೋಂಕನ್ನು ತರಬಲ್ಲದು. ತೀಕ್ಷ್ಣವಾದ ನೋವು, ಕೀವು, ಬೆಳಕು ಸಹಿಸಲಾಗದಿರುವುದು, ನೋಟ ತಟ್ಟನೆ ಇಳಿಯುವುದು, ಇವು ಕಂಡರೆ ಮನೆಯ ಉಪಚಾರವನ್ನು ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು.

ಘಟಪ್ರಭೆಯ ಈ ಪರಿಸರಕ್ಕೂ ಆರೋಗ್ಯದ ಮಾತಿಗೂ ಹಳೆಯ ನಂಟು. 1929ರಲ್ಲಿ ಇಲ್ಲಿ ಆರೋಗ್ಯಧಾಮ ತಲೆಯೆತ್ತಿತು. ಹೀಗಿರಲು ಒಣಗಣ್ಣಿನಂತಹ, ಸಾವಿಗೆ ತಾರದ ಆದರೆ ಬಾಳನ್ನು ಬಡವಾಗಿಸುವ ಬೇನೆಗಳ ತಿಳಿವಳಿಕೆ ನಮ್ಮ ಶಾಲೆ ಕಾಲೇಜುಗಳಿಂದಲೂ ಹಬ್ಬಬೇಕೆಂದು ನನ್ನ ಆಸೆ. ಮಾಸ್ತರರು ಈಗ ಬೆಳಗು ಸಂಜೆ ಬಿಸಿಬಟ್ಟೆಯ ಶಾಖ ತಪ್ಪಿಸುವುದಿಲ್ಲ. ಉರಿ ಪೂರ್ತಿ ಹೋಗಿಲ್ಲ, ಹೋಗದೆಯೂ ಇರಬಹುದು. ಆದರೆ ಕಟ್ಟೆಯ ಮೇಲೆ ಅರ್ಧ ಗಂಟೆ ಓದುತ್ತಾರೆ. ನಡುನಡುವೆ ನಿಲ್ಲಿಸಿ, ಕಣ್ಣು ಮುಚ್ಚಿ, ಓದಿದ್ದಕ್ಕೆ ಅರ್ಥ ಹೇಳುತ್ತಾರೆ. ಕೇಳುವವರಿಗೆ ಇದು ಮೊದಲಿಗಿಂತ ಹಿತವಾಗಿದೆಯಂತೆ.

ಸಂಸ್ಕೃತದಲ್ಲಿ ‘ಅನಿಮಿಷ’ ಎಂಬ ಹೆಸರು ದೇವತೆಗಳಿಗಷ್ಟೇ ಅಲ್ಲ, ಮೀನಿಗೂ ಉಂಟು. ಮೀನು ನೀರಿನಲ್ಲಿಯೇ ಬಾಳುವುದರಿಂದ ಅದಕ್ಕೆ ಎವೆಯಿಕ್ಕುವ ಅಗತ್ಯವಿಲ್ಲ. ಒಣನೆಲದ ಮೇಲೆ ಬಾಳುವ ನಾವು ನಮ್ಮ ಪಾಲಿನ ನೀರನ್ನು ಕಣ್ಣಿನಲ್ಲಿಯೇ ಹೊತ್ತು ತಿರುಗಬೇಕು, ಗಳಿಗೆಗೊಮ್ಮೆ ರೆಪ್ಪೆಯಿಂದ ಸವರಿಕೊಳ್ಳಬೇಕು. ಅಷ್ಟು ಸಣ್ಣ ಕೆರೆಯನ್ನು ಕಾಯಲು ದಿನಕ್ಕೆ ಕಾಲು ಗಂಟೆ ಹೆಚ್ಚಿನ ಹೊತ್ತೇನಲ್ಲ.