ಹತ್ತಿರದ ದಾರಿಗಿಂತ ಗಟ್ಟಿ ದಾರಿ ಲೇಸು
ವೈರ್‌ಲೆಸ್ ಮೆಶ್ ಜಾಲದ ಒಳಲೆಕ್ಕ

ಸಂಘದ ಸಭಾಗೃಹ, ಕಚೇರಿ, ವಾಚನಾಲಯ ಎಲ್ಲೆಡೆಗೂ ವೈ-ಫೈ ತಲುಪಿಸಲು ಇಂದು ‘ಮೆಶ್’ ಪೆಟ್ಟಿಗೆಗಳು ಲಭ್ಯ. ಒಂದು ಪೆಟ್ಟಿಗೆ ಕಳುಹಿಸಿದ್ದನ್ನು ಇನ್ನೊಂದು ಪಡೆದು ತಂತಿಯ ಹಂಗಿಲ್ಲದೆ ಮುಂದಕ್ಕೆ ದಾಟಿಸುತ್ತದೆ. ಆದರೆ ಸಾಗುವ ದಾರಿ ಕ್ಷಣಕ್ಷಣಕ್ಕೂ ಬದಲಾದರೆ ವಿಡಿಯೋ ನಿಲ್ಲುತ್ತದೆ, ಕರೆ ಕಡಿಯುತ್ತದೆ.

ಈ ಬಗೆಯ ಜಾಲ ನಮ್ಮ ದೇಶಕ್ಕೆ ಹೊಸದೇನಲ್ಲ. 2005ರಲ್ಲಿ ಹೊರಾಂಗಣ ವೈ-ಫೈ ಬಳಕೆಯ ನಿರ್ಬಂಧ ಸಡಿಲಗೊಂಡ ಬೆನ್ನಿಗೇ ಹಿಮಾಚಲದ ಧರ್ಮಶಾಲಾದಲ್ಲಿ ಸಮುದಾಯ ಮೆಶ್ ಜಾಲ ಆರಂಭವಾಯಿತು. ಆ ವರ್ಷದ ಫೆಬ್ರವರಿ ಅಂತ್ಯಕ್ಕೆ ಅದು 8 ಕ್ಯಾಂಪಸ್‌ಗಳನ್ನು ಬೆಸೆದಿತ್ತು. ಗುಡ್ಡಗಾಡು ಪ್ರದೇಶ, ಆಗಾಗ ಕೈಕೊಡುವ ವಿದ್ಯುತ್. ಒಂದು ಪೆಟ್ಟಿಗೆ ಆರಿದರೂ ಜಾಲ ತಾನಾಗಿಯೇ ಬೇರೆ ದಾರಿ ಹಿಡಿಯುತ್ತಿದ್ದುದೇ ಅಲ್ಲಿ ವರವಾಯಿತು.

ದಾರಿಯ ಆಯ್ಕೆ ಹೇಗೆ? ಹಳೆಯ ಪದ್ಧತಿಯಲ್ಲಿ ನಡುವೆ ಕಡಿಮೆ ಪೆಟ್ಟಿಗೆಗಳಿರುವ ದಾರಿಯೇ ಶ್ರೇಷ್ಠ. ಹೀಗಾಗಿ ದೂರದ, ದುರ್ಬಲ ಕೊಂಡಿಗೇ ಮಣೆ. 2003ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ‘ಇಟಿಎಕ್ಸ್’ ಎಂಬ ಲೆಕ್ಕ ಮುಂದಿಟ್ಟರು. ಒಂದು ಪ್ಯಾಕೆಟ್ ತಲುಪಲು ಸರಾಸರಿ ಎಷ್ಟು ಸಲ ಕಳುಹಿಸಬೇಕಾದೀತು ಎಂಬುದೇ ಇಲ್ಲಿನ ಅಳತೆ. ಹೋಗುವಾಗ ಅರ್ಧ, ಉತ್ತರ ಬರುವಾಗ ಅರ್ಧ ಮಾತ್ರ ದಾಟುವ ನೇರ ಕೊಂಡಿಗೆ 4 ಯತ್ನ ಬೇಕು. ಎರಡೂ ದಿಕ್ಕಿನಲ್ಲಿ ಶೇ. 90ರಷ್ಟು ದಾಟಿಸುವ ಎರಡು ಕೊಂಡಿಗಳನ್ನು ಜೋಡಿಸಿದರೆ ಒಟ್ಟು ಸುಮಾರು 2.5 ಯತ್ನ ಸಾಕು. ಸುತ್ತುದಾರಿಯೇ ಲಾಭದಾಯಕ!

ಇನ್ನೊಂದು ಮುಖ್ಯ ಅಂಶ ಸ್ಥಿರತೆ. ಸಾಲ ನೀಡುವಾಗ ಬ್ಯಾಂಕು ಒಂದು ದಿನದ ಬ್ಯಾಲೆನ್ಸ್ ನೋಡಿ ತೀರ್ಮಾನಿಸುವುದಿಲ್ಲ. ಖಾತೆಯ ನಡವಳಿಕೆ ನೋಡುತ್ತದೆ. ಎಂಐಟಿ ಪ್ರಯೋಗದಲ್ಲೂ ಸೆಕೆಂಡಿಗೊಂದು ಪರೀಕ್ಷಾ ಸಂದೇಶ ಕಳುಹಿಸಿ, 10 ಸೆಕೆಂಡುಗಳ ಫಲಿತಾಂಶವನ್ನು ಒಟ್ಟಾಗಿ ಪರಿಗಣಿಸಲಾಯಿತು. ಹೊಸ ದಾರಿ ಕೂದಲೆಳೆಯಷ್ಟು ಉತ್ತಮವೆಂದಾಕ್ಷಣ ಜಿಗಿಯದೆ, ಸ್ಪಷ್ಟ ಅಂತರವಿದ್ದರಷ್ಟೇ ಬದಲಿಸುವ ನಿಯಮವನ್ನೂ ಅಳವಡಿಸಬಹುದು. ಆದರೆ ಅತಿಯಾದ ತಾಳ್ಮೆಯೂ ಸಲ್ಲದು. ಸತ್ತ ಕೊಂಡಿಗೇ ಅಂಟಿಕೊಂಡರೆ ಸಂಪರ್ಕವೇ ಇಲ್ಲವಾಗುತ್ತದೆ.

ಸಂಘಗಳ ಪದಾಧಿಕಾರಿಗಳು ಗಮನಿಸಬೇಕಾದುದು ಇಷ್ಟೇ. ಹಣ ಉಳಿಸಲು ಪೆಟ್ಟಿಗೆಗಳನ್ನು ದೂರದೂರ ಇಡಬೇಡಿ. ದಪ್ಪ ಗೋಡೆ, ಕಬ್ಬಿಣದ ಕಪಾಟಿನ ಮರೆ ಬೇಡ. ನಡುವಿನ ಪೆಟ್ಟಿಗೆಯ ಸ್ವಿಚ್ಚನ್ನು ಕಾರ್ಯಕ್ರಮ ಮುಗಿದೊಡನೆ ಆರಿಸದಿರಿ. ಕೊಂಡಿ ಗಟ್ಟಿಯಿದ್ದರೆ ದಾರಿ ತಾನಾಗಿ ಸ್ಥಿರವಾಗುತ್ತದೆ.